12ನೇ ತರಗತಿ ನಂತರ ಸರ್ಟಿಫಿಕೇಟ್, ಡಿಪ್ಲೊಮಾ ಅಥವಾ ಡಿಗ್ರಿ: ಸೇರುವ ಮುನ್ನ ಇದನ್ನು ತಿಳಿದಿರಿ

ಕರ್ನಾಟಕದಲ್ಲಿ ಪಿಯುಸಿ, ಮುಂಬೈ-ಪುಣೆಯಲ್ಲಿ ಎಚ್‌ಎಸ್‌ಸಿ, ಹೈದರಾಬಾದ್‌ನಲ್ಲಿ ಇಂಟರ್, ಚೆನ್ನೈನಲ್ಲಿ ಪ್ಲಸ್ ಟು. ಹೆಸರು ಬೇರೆಯಾದರೂ ಫಲಿತಾಂಶ ಬಂದ ಮೇಲೆ ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ ಒಂದೇ: ಮುಂದೇನು? ಬೇಗ ಕೆಲಸ ಸಿಗುವ ಕೋರ್ಸೇ, ಮೂರು-ನಾಲ್ಕು ವರ್ಷದ ಪದವಿಯೇ? ಇದರ ಜತೆಗೆ 'ಸರ್ಟಿಫಿಕೇಟ್' ಎಂಬ ಒಂದೇ ಪದ ಹಲವು ಅರ್ಥಗಳಲ್ಲಿ ಬಳಕೆಯಾಗುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿದೆ.

ಪದವಿಯೊಳಗಿನ ಸರ್ಟಿಫಿಕೇಟ್

ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) 2020ರ ಮಾದರಿಯಲ್ಲಿ ಪದವಿಯನ್ನು ಮಧ್ಯದಲ್ಲೇ ಬಿಡಲು ಅವಕಾಶವಿದೆ. ಒಂದು ವರ್ಷ ಮುಗಿಸಿದರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ, ನಾಲ್ಕು ವರ್ಷಕ್ಕೆ ಆನರ್ಸ್. ಯುಜಿಸಿಯ 2022ರ ಚೌಕಟ್ಟಿನ ಪ್ರಕಾರ ಮೊದಲ ಅಥವಾ ಎರಡನೇ ವರ್ಷದ ಬಳಿಕ ಹೊರಬರುವವರು 4 ಕ್ರೆಡಿಟ್‌ನ ವೃತ್ತಿ ಕೋರ್ಸನ್ನೂ ಪೂರೈಸಿರಬೇಕು. ಮೂರು ವರ್ಷದೊಳಗೆ ಮರಳಿ ಸೇರಬಹುದು. ಒಟ್ಟು ಏಳು ವರ್ಷದಲ್ಲಿ ಪದವಿ ಮುಗಿಸಬೇಕು. ಗಳಿಸಿದ ಕ್ರೆಡಿಟ್‌ಗಳು 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಜಮೆಯಾಗುತ್ತವೆ.

ಆದರೆ ಇದು ಪದವಿಗೆ ಸಮವಲ್ಲ. 'ಯಾವುದೇ ಪದವಿ' ಕೇಳುವ ಯುಪಿಎಸ್‌ಸಿ ನಾಗರಿಕ ಸೇವೆ ಅಥವಾ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಗೆ ಒಂದು ವರ್ಷದ ಸರ್ಟಿಫಿಕೇಟ್ ಸಾಲದು. ಅನಾರೋಗ್ಯ ಅಥವಾ ಹಣದ ತೊಂದರೆಯಿಂದ ಓದು ನಿಂತಾಗ ಕಳೆದ ವರ್ಷ ವ್ಯರ್ಥವಾಗದಂತೆ ನೋಡಿಕೊಳ್ಳುವುದೇ ಇದರ ನಿಜವಾದ ಉಪಯೋಗ.

ಊರಿಂದ ಊರಿಗೆ ವ್ಯತ್ಯಾಸ

2021-22ರಲ್ಲಿ ಎನ್‌ಇಪಿ ಜಾರಿಗೆ ತಂದ ಕರ್ನಾಟಕ, 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ 2022ರಿಂದ ನಾಲ್ಕು ವರ್ಷದ ಪದವಿ ಇದ್ದು, ಪ್ರವೇಶ ಸಿಯುಇಟಿ ಮೂಲಕ. ತಮಿಳುನಾಡು ಎನ್‌ಇಪಿಯನ್ನು ಒಪ್ಪಿಲ್ಲ. ತೆಲಂಗಾಣದ ಪದವಿ ಕಾಲೇಜುಗಳ ಪ್ರವೇಶ 'ದೋಸ್ತ್' ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಹೀಗಾಗಿ ಊರಿನ ಸಂಬಂಧಿಕರ ಮಕ್ಕಳ ಅನುಭವ ನಿಮ್ಮ ನಗರಕ್ಕೆ ಹೊಂದದೇ ಇರಬಹುದು.

ಐಟಿಐ, ಪಾಲಿಟೆಕ್ನಿಕ್

ಐಟಿಐ ಮತ್ತು ಪಾಲಿಟೆಕ್ನಿಕ್‌ಗೆ ಸಾಮಾನ್ಯವಾಗಿ 10ನೇ ತರಗತಿ ಸಾಕು. ಐಟಿಐನಲ್ಲಿ ವೆಲ್ಡರ್ ಒಂದು ವರ್ಷ, ಎಲೆಕ್ಟ್ರಿಷಿಯನ್ ಮತ್ತು ಫಿಟ್ಟರ್ ಎರಡು ವರ್ಷದ ಕೋರ್ಸ್. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. 12ನೇ ತರಗತಿ ವಿಜ್ಞಾನ ಅಥವಾ ಐಟಿಐ ಮುಗಿಸಿದವರಿಗೆ ನೇರ ಎರಡನೇ ವರ್ಷಕ್ಕೆ ಸೇರುವ ಅವಕಾಶವಿದೆ. ಡಿಪ್ಲೊಮಾ ಬಳಿಕ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಸೇರಬಹುದು. ಕರ್ನಾಟಕದಲ್ಲಿ ಇದಕ್ಕೆ ಡಿಸಿಇಟಿ ಬರೆಯಬೇಕು. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಐಟಿಐ, ಜೂನಿಯರ್ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಅರ್ಹತೆಯಾಗುತ್ತದೆ. ಇಂಥ ಕೆಲಸ ಬಯಸುವವರಿಗೆ ಸಾಮಾನ್ಯ ಬಿಎ, ಬಿಕಾಂಗಿಂತ ಇದು ನೇರ ದಾರಿ.

ಖಾಸಗಿ 'ಡಿಪ್ಲೊಮಾ' ಬಗ್ಗೆ ಎಚ್ಚರ

ಅನಿಮೇಷನ್, ಅಕೌಂಟಿಂಗ್, ಕಂಪ್ಯೂಟರ್ ಕೇಂದ್ರಗಳು ಕೊಡುವ ಪ್ರಮಾಣಪತ್ರಗಳಿಂದ ಕೌಶಲ ಸಿಗಬಹುದು, ಆದರೆ ಮುಂದಿನ ಓದಿಗೆ ಮಾನ್ಯತೆ ಸಿಗುತ್ತದೆಂಬ ಖಾತ್ರಿಯಿಲ್ಲ. 1956ರ ಯುಜಿಸಿ ಕಾಯ್ದೆ ಪ್ರಕಾರ ಪದವಿ ನೀಡುವ ಅಧಿಕಾರ ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನಿನ ಮೂಲಕ ಆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ ಇದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ತನ್ನ ವೆಬ್‌ಸೈಟ್‌ನಲ್ಲಿ ಪ್ರಕಟಿಸುತ್ತದೆ.

ಕೆಲಸ ಮಾಡುತ್ತಲೇ ಓದಬೇಕಾದವರಿಗೆ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯಗಳಿವೆ. ಮಾನ್ಯತೆ ಪಡೆದ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ.

ಹೊರನಾಡ ಕನ್ನಡಿಗರಿಗೆ

ಕರ್ನಾಟಕದ ವೃತ್ತಿಪರ ಕೋರ್ಸ್‌ಗಳಿಗೆ ಸೇರಲು ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮಗಳಿದ್ದು, ಸಿಇಟಿ ವೇಳೆ ಕೆಇಎ ಅವರಿಗೆ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ.

ಶುಲ್ಕ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಪ್ರಮಾಣಪತ್ರ ಕೊಡುವವರು ಯಾರು: ವಿಶ್ವವಿದ್ಯಾಲಯವೋ, ಸರ್ಕಾರಿ ಮಂಡಳಿಯೋ, ಸಂಸ್ಥೆಯೋ?
* ಇದರಿಂದ ಪದವಿಯ ಎರಡನೇ ವರ್ಷಕ್ಕೆ ಸೇರಬಹುದೇ?
* ಮಧ್ಯದಲ್ಲಿ ಬಿಟ್ಟರೆ ಏನು ಸಿಗುತ್ತದೆ, ಮರಳಿ ಬರಲು ಎಷ್ಟು ಸಮಯ?
* ಬಯಸುವ ಹುದ್ದೆಯ ಅಧಿಸೂಚನೆಯಲ್ಲಿ ಕೇಳಿರುವ ವಿದ್ಯಾರ್ಹತೆ ಯಾವುದು?

ಉತ್ತರಗಳನ್ನು ಬಾಯಿಮಾತಿನಲ್ಲಿ ನಂಬದೆ ಲಿಖಿತವಾಗಿ ಪಡೆಯುವುದು ಒಳಿತು.