ಬರ್ಲಿನ್‌ನಿಂದ ಕಲ್ಕತ್ತಾಗೆ ಮೂರು ಡಬ್ಬ ನೀರು

ರೋಡ್ ಟ್ರಿಪ್ ಅಂದ್ರೆ ನಾವು ಮೊದಲು ನೋಡೋದೇನು? ಪೆಟ್ರೋಲು, ಟೈರಿನ ಗಾಳಿ, ಫಾಸ್ಟ್‌ಟ್ಯಾಗ್ ಬ್ಯಾಲೆನ್ಸು. ಕುಡಿಯೋ ನೀರು? ‘ದಾರೀಲಿ ಸಿಗುತ್ತೆ ಬಿಡು’ ಅಂತೀವಿ. 1939ರ ಬೇಸಿಗೆಯಲ್ಲಿ ಬರ್ಲಿನ್‌ನ ಇಬ್ಬರು ಎಂಜಿನಿಯರುಗಳೂ ನೀರನ್ನೇ ಮರೆತಿದ್ದರು. ಆ ಮರೆವಿನಿಂದಾಗಿ ಜರ್ಮನ್ ಸೈನ್ಯದ ಒಂದು ಗುಟ್ಟು ಹೊರಗೆ ಬಂತು.

ಒಬ್ಬ ಪಾಲ್ ಪ್ಲೈಸ್ ಅನ್ನೋ ಅಮೆರಿಕನ್, ಇನ್ನೊಬ್ಬ ಅವನ ಜರ್ಮನ್ ಸಹೋದ್ಯೋಗಿ. ಕಾರಿನಲ್ಲೇ ಇಂಡಿಯಾ ತಲುಪೋದು ಇಬ್ಬರ ಪ್ಲಾನು. ಅದಕ್ಕಂತಲೇ ಗಾಡಿಗೆ ಹೊಸ ಬಾಡಿ ಕಟ್ಟಿಸಿದರು. ಎಲ್ಲಾ ಮುಗಿದ ಮೇಲೆ ನೋಡ್ತಾರೆ, ತುರ್ತಿಗೆ ನೀರಿಡೋಕೆ ಜಾಗವೇ ಮಾಡಿಲ್ಲ! ನಮ್ಮೂರ ಕಡೆ ಹೊಲಕ್ಕೆ ಹೊರಟವರು ಕೂಡ ಸೋರೆ ಬುರುಡೆಯಲ್ಲಿ ನೀರು ತುಂಬಿಕೊಂಡೇ ಹೋಗ್ತಿದ್ರು. ಇವರು ಹೊರಟಿದ್ದು ಮರುಭೂಮಿ ದಾಟೋಕೆ.

ಆ ಜರ್ಮನ್ನನಿಗೆ ಟೆಂಪಲ್‌ಹಾಫ್ ವಿಮಾನ ನಿಲ್ದಾಣದ ಉಗ್ರಾಣ ಗೊತ್ತಿತ್ತು. ಅಲ್ಲಿ ಸೈನ್ಯದ ಸಾವಿರಾರು ಹೊಸ ಡಬ್ಬಗಳನ್ನ ಪೇರಿಸಿಟ್ಟಿದ್ದರು. ಅದರಲ್ಲಿ ಮೂರನ್ನ ಎತ್ತಿಕೊಂಡು ಬಂದ. ಇಬ್ಬರೂ 11 ದೇಶಗಳ ಗಡಿ ದಾಟಿದರು. ಅಷ್ಟರಲ್ಲಿ ಗೋರಿಂಗ್ ವಿಮಾನ ಕಳಿಸಿ ಜರ್ಮನ್ನನನ್ನ ವಾಪಸ್ ಕರೆಸಿಕೊಂಡ. ಪ್ಲೈಸ್ ಒಬ್ಬನೇ ಕಲ್ಕತ್ತಾ ತಲುಪಿ, ಕಾರನ್ನ ಅಲ್ಲೇ ಬಿಟ್ಟು, ವಿಮಾನ ಹತ್ತಿ ಅಮೆರಿಕಕ್ಕೆ ಹೋದ.

ಆ ಡಬ್ಬದಲ್ಲಿ ಅಂಥದ್ದೇನಿತ್ತು? ಹಿಡಿಸೋದು 20 ಲೀಟರ್, ನಮ್ಮ ಮನೆಗೆ ಬರೋ ವಾಟರ್ ಕ್ಯಾನಿನಷ್ಟೇ. ಆದರೆ ಹಿಡಿಕೆ ಮೂರು. ತುಂಬಿದ್ದರೆ ಇಬ್ಬರು ಹಿಡಿಯಬಹುದು, ಖಾಲಿಯಿದ್ದರೆ ಒಂದೊಂದು ಕೈಯಲ್ಲಿ ಎರಡೆರಡು ಡಬ್ಬ. ಮುಚ್ಚಳಕ್ಕೆ ಸ್ಪ್ಯಾನರ್ ಬೇಡ, ಲಿವರ್ ಎತ್ತಿದರೆ ಸಾಕು. ಸುರಿಯುವಾಗ ಗಾಳಿ ಒಳಗೆ ಹೋಗೋಕೆ ಬೇರೆ ಕೊಳವೆ ಇರೋದ್ರಿಂದ ಗಳಗಳ ಅಂತ ಚೆಲ್ಲೋದಿಲ್ಲ. ಮೇಲ್ಗಡೆ ಗಾಳಿಗೆ ಜಾಗ ಬಿಟ್ಟಿರೋದ್ರಿಂದ ತುಂಬಿದ ಡಬ್ಬ ನೀರಿಗೆ ಬಿದ್ದರೂ ತೇಲುತ್ತೆ. ನೀರಿನ ಡಬ್ಬ ಪೆಟ್ರೋಲಿನ ಡಬ್ಬದ ಜೊತೆ ಬೆರೆತುಹೋಗದಂತೆ ಅದರ ಮೇಲೆ ಬಿಳಿ ಕ್ರಾಸ್ ಬಳಿಯುತ್ತಿದ್ದರು.

ಪ್ಲೈಸ್ ಇದನ್ನ ಅಮೆರಿಕದ ಸೇನಾಧಿಕಾರಿಗಳಿಗೆ ವಿವರಿಸಿದ. ಕೈಯಲ್ಲಿ ಸ್ಯಾಂಪಲ್ ಇರಲಿಲ್ಲ, ಯಾರೂ ಕೇಳಲಿಲ್ಲ. ಡೆಮೊ ಇಲ್ಲದೆ ಮೀಟಿಂಗಿಗೆ ಹೋದರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ಲ! ಕೊನೆಗೆ ಕಾರು ಸುತ್ತು ದಾರಿಯಲ್ಲಿ ನ್ಯೂಯಾರ್ಕಿಗೆ ಬಂತು, ಒಂದು ಡಬ್ಬ ವಾಷಿಂಗ್ಟನ್ನಿಗೆ ಹೋಯಿತು. ಆಗಲೂ ಅಲ್ಲಿಯವರು ಮೊದಲ ಮಹಾಯುದ್ಧದ ಹಳೇ ಡಬ್ಬವೇ ಸಾಕು ಅಂದರು. ಅದನ್ನ ತೆಗೆಯೋಕೆ ಸ್ಪ್ಯಾನರ್ ಬೇಕು, ಸುರಿಯೋಕೆ ಆಲಿಕೆ ಬೇಕು.

ಇದರ ಬೆಲೆ ಏನು ಅಂತ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿದ್ದ ಬ್ರಿಟಿಷರನ್ನ ಕೇಳಬೇಕಿತ್ತು. ಅವರ ಹತ್ತಿರ ಇದ್ದದ್ದು ತೆಳು ತಗಡಿನ ಡಬ್ಬ. ಸೈನಿಕರು ಅದಕ್ಕೆ ಇಟ್ಟ ಹೆಸರೇ ‘ಫ್ಲಿಮ್ಸಿ’, ಅಂದರೆ ಗಟ್ಟಿಯಿಲ್ಲದ್ದು. ಲಾರಿ ನಾಲ್ಕು ಸಲ ಕುಲುಕಿದರೆ ಬೆಸುಗೆ ಬಿಟ್ಟು ಸೋರುತ್ತಿತ್ತು. ಬಾವಿ ಇಲ್ಲದ ಕಡೆ ಮರಳು ಕುಡಿದ ನೀರಿನ ಲೆಕ್ಕ ಅಂದರೆ ಮನುಷ್ಯನ ಜೀವದ ಲೆಕ್ಕವೇ. ಅದಕ್ಕೇ ಶತ್ರುವಿನ ಡಬ್ಬ ಸಿಕ್ಕಿದರೆ ಅವರು ಬಿಡುತ್ತಿರಲಿಲ್ಲ. ಜರ್ಮನ್ನರಿಗೆ ಬ್ರಿಟಿಷರ ಅಡ್ಡಹೆಸರು ‘ಜೆರ್ರಿ’. ಅವರ ಕ್ಯಾನು ಜೆರ್ರಿಕ್ಯಾನ್ ಆಯಿತು.

ಆಮೇಲೆ ಪ್ಲೈಸ್‌ನ ಎರಡನೇ ಡಬ್ಬ ವಿಮಾನದಲ್ಲಿ ಲಂಡನ್ನಿಗೆ ಹೋಯಿತು. ಬ್ರಿಟಿಷರು ಬುದ್ಧಿವಂತಿಕೆ ತೋರಿಸೋಕೆ ಹೋಗದೆ ಅದನ್ನೇ ನಕಲು ಮಾಡಿದರು. ಇವತ್ತಿಗೂ ಜೀಪುಗಳ ಹಿಂದೆ ನೇತಾಡೋ ಡಬ್ಬದ ಮೂಲ ವಿನ್ಯಾಸ ಅದೇ.

ಪ್ಲೈಸ್ ಇಂಡಿಯಾಗೆ ಹೊರಟಿದ್ದು ಬೇಹುಗಾರಿಕೆಗಲ್ಲ. ದಾರೀಲಿ ನೀರು ಸಿಗದೇ ಹೋದರೆ ಅನ್ನೋ ಪ್ರಶ್ನೆ ಹೊರಡೋ ಮುಂಚೆ ಹೊಳೆಯಿತು, ಅಷ್ಟೇ. ಮುಂದಿನ ಟ್ರಿಪ್ಪಿಗೆ ಡಿಕ್ಕಿ ತುಂಬಿಸುವಾಗ ಆ ಪ್ರಶ್ನೆ ನಾವೂ ಕೇಳಿಕೊಳ್ಳೋಣ. ಚಿಪ್ಸ್ ಪ್ಯಾಕೆಟ್ ಆಮೇಲೂ ಇಡಬಹುದು.