ನಾಲ್ಕು ಗಿಗಾಬೈಟಿನ ಬೇಲಿ

ಪೆನ್‌ಡ್ರೈವಿನಲ್ಲಿ ಬೇಕಾದಷ್ಟು ಜಾಗ ಖಾಲಿಯಿದ್ದರೂ ದೊಡ್ಡ ವಿಡಿಯೊವೊಂದನ್ನು ಹಾಕಹೊರಟರೆ, ಫೈಲ್ ತೀರಾ ದೊಡ್ಡದೆಂದು ಕಂಪ್ಯೂಟರ್ ಕೈಚೆಲ್ಲುತ್ತಿದ್ದ ಕಾಲವೊಂದಿತ್ತು. ವಿಂಡೋಸಿನ ಎನ್‌ಟಿಎಫ್‌ಎಸ್ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದರೆ ಮ್ಯಾಕ್ ಅದನ್ನು ಓದುತ್ತಿತ್ತು, ಅದಕ್ಕೆ ಬರೆಯುತ್ತಿರಲಿಲ್ಲ. ಮ್ಯಾಕ್‌ಗೆ ಒಗ್ಗಿಸಿದರೆ ವಿಂಡೋಸ್ ಅದನ್ನು ಗುರುತಿಸುತ್ತಲೇ ಇರಲಿಲ್ಲ. ಇದೆಲ್ಲ ಯಂತ್ರಗಳ ಜಾತಿಭೇದ, ತಂತ್ರಜ್ಞಾನ ಬೆಳೆದಂತೆ ತಾನಾಗಿ ಸರಿಹೋಯಿತು ಎಂಬ ನಂಬಿಕೆ ಸಾಮಾನ್ಯ. ದಾಖಲೆಗಳು ಹೇಳುವ ಕಥೆ ಬೇರೆ. ತೊಡಕು ಹುಟ್ಟಿದ್ದು ತಂತ್ರಜ್ಞಾನದ ಕಾರಣಕ್ಕೆ ನಿಜ. ಅಷ್ಟು ವರ್ಷ ಉಳಿದದ್ದು ಮಾತ್ರ ಒಡೆತನದ ಕಾರಣಕ್ಕೆ.

ಬೇರೆ ಬೇರೆ ಯಂತ್ರಗಳ ನಡುವೆ ಫೈಲ್ ಸಾಗಿಸುವ ಸಮಸ್ಯೆಗೆ ಒಂದು ಉತ್ತರ 1971ರಷ್ಟು ಹಿಂದೆಯೇ ಸಿಕ್ಕಿತ್ತು. ಆಗಿನ ಅರ್ಪಾನೆಟ್ ಜಾಲದಲ್ಲಿ 36 ಬಿಟ್‌ಗಳ ಪದದಲ್ಲಿ ಯೋಚಿಸುವ ಪಿಡಿಪಿ-10 ಇತ್ತು, 32 ಬಿಟ್‌ಗಳ ಐಬಿಎಂ 360 ಇತ್ತು; ಅಕ್ಷರಗಳಿಗೆ ಕೊಡುವ ಸಂಕೇತಗಳೂ ಎರಡರಲ್ಲಿ ಬೇರೆ ಬೇರೆ. ಇಂದಿನ ವಿಂಡೋಸ್–ಲಿನಕ್ಸ್ ಅಂತರ ಇದರ ಮುಂದೆ ಏನೂ ಅಲ್ಲ. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಎಂಐಟಿ ಸೇರಿದ್ದ ಅಭಯ್ ಭೂಷಣ್ ಆ ವರ್ಷದ ಏಪ್ರಿಲ್ 16ರಂದು ಫೈಲ್ ಸಾಗಣೆಯ ನಿಯಮಗಳನ್ನು ಬರೆದು ಹಂಚಿದರು. ಆರ್‌ಎಫ್‌ಸಿ 114 ಎಂಬ ಆ ಬರಹದಿಂದಲೇ ಎಫ್‌ಟಿಪಿ ಬೆಳೆಯಿತು. ಯಾರು ಬೇಕಾದರೂ ಓದಬಹುದಾಗಿತ್ತು, ಟೀಕಿಸಬಹುದಾಗಿತ್ತು, ಅದರಂತೆ ಪ್ರೋಗ್ರಾಂ ಬರೆಯಬಹುದಾಗಿತ್ತು. ಯಂತ್ರಗಳು ಒಂದನ್ನೊಂದು ಹೋಲಬೇಕೆಂದೇನೂ ಇರಲಿಲ್ಲ, ನಡುವಿನ ಒಪ್ಪಂದ ಎಲ್ಲರಿಗೂ ತಿಳಿದಿದ್ದರೆ ಸಾಕಿತ್ತು.

ಡಿಸ್ಕಿನ ಕಥೆ ಈ ದಾರಿ ಹಿಡಿಯಲಿಲ್ಲ. ಫ್ಯಾಟ್ ಎಂಬ ಫೈಲ್ ವ್ಯವಸ್ಥೆ ಮೈಕ್ರೊಸಾಫ್ಟಿನಲ್ಲಿ ರೂಪುಗೊಂಡದ್ದು 1977ರಲ್ಲಿ, ಫ್ಲಾಪಿಗಳಿಗಾಗಿ. 1981ರ ಐಬಿಎಂ ಪಿಸಿಯ ಫ್ಲಾಪಿ ಹಿಡಿಯುತ್ತಿದ್ದುದು 160 ಕಿಲೊಬೈಟ್. ಅಂಥ ಕಾಲದಲ್ಲಿ ಫೈಲಿನ ಗಾತ್ರ ಬರೆಯಲು ಡಾಸ್ 32 ಬಿಟ್ ಮೀಸಲಿಟ್ಟದ್ದು ಧಾರಾಳವೇ. ಆ ಜಾಗದಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,294,967,295. ನಾಲ್ಕು ಗಿಗಾಬೈಟಿಗೆ ಒಂದೇ ಬೈಟ್ ಕಡಿಮೆ. 1996ರಲ್ಲಿ ಫ್ಯಾಟ್32 ಬಂದಾಗಲೂ ಈ ಅಂಕಣ ಹಾಗೇ ಉಳಿಯಿತು. ಒಂದೇ ಪದರದ ಡಿವಿಡಿಯಲ್ಲಿ 4.7 ಗಿಗಾಬೈಟ್ ಹಿಡಿಯುತ್ತಿತ್ತು, ಅದರ ಪೂರ್ಣ ನಕಲನ್ನು ಒಂದೇ ಫೈಲಾಗಿ ಫ್ಯಾಟ್32 ಡಿಸ್ಕಿನಲ್ಲಿ ಇಡುವಂತಿರಲಿಲ್ಲ. ಎಷ್ಟೋ ವಿಡಿಯೊ ಕ್ಯಾಮೆರಾಗಳು ಒಂದೇ ಚಿತ್ರೀಕರಣವನ್ನು ತುಂಡು ತುಂಡಾಗಿ ಉಳಿಸುತ್ತಿದ್ದುದೂ ಇದೇ ಕಾರಣಕ್ಕೆ.

ಇಷ್ಟರಮಟ್ಟಿಗೆ ಇದು ಎಂಜಿನಿಯರುಗಳ ಲೆಕ್ಕಾಚಾರ, ಯಾರನ್ನೂ ದೂರುವ ಹಾಗಿಲ್ಲ. ಆದರೆ ಈ ಮಿತಿಯನ್ನು ಮೀರಿದ ಎನ್‌ಟಿಎಫ್‌ಎಸ್ ಅದೇ ಕಂಪನಿಯಿಂದ 1993ರಲ್ಲೇ ಬಂದಿತ್ತು. ಜನ ಫ್ಯಾಟ್32ಕ್ಕೆ ಅಂಟಿಕೊಂಡದ್ದು ಅದು ಚೆನ್ನಾಗಿತ್ತೆಂದಲ್ಲ, ಎಲ್ಲ ಯಂತ್ರಗಳೂ ಬರೆಯಬಲ್ಲ ಬೇರೊಂದು ವ್ಯವಸ್ಥೆ ಇಲ್ಲದ್ದರಿಂದ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಗಾತ್ರಕ್ಕೆ 64 ಬಿಟ್ ಕೊಟ್ಟು ತೊಡಕನ್ನು ಬಗೆಹರಿಸಿತು. ಜೊತೆಗೆ ಪರವಾನಗಿಯ ಷರತ್ತನ್ನೂ ತಂದಿತು. 2009ರಲ್ಲಿ ಎಸ್‌ಡಿಎಕ್ಸ್‌ಸಿ ಮೆಮೊರಿ ಕಾರ್ಡುಗಳಿಗೆ ಅದೇ ಕಡ್ಡಾಯವಾಯಿತು. ಆ್ಯಪಲ್ 2010ರಲ್ಲಿ ಅದನ್ನು ಮ್ಯಾಕ್‌ಗೆ ತಂದಿತು. ಯಾರಿಗೂ ಸೇರದ ಲಿನಕ್ಸ್ ದಾವೆಯ ಭಯದಿಂದ ಹೊರಗೇ ಉಳಿಯಿತು. ಭಯಕ್ಕೆ ಕಾರಣವೂ ಇತ್ತು: 2009ರಲ್ಲೇ ಮೈಕ್ರೊಸಾಫ್ಟ್, ಲಿನಕ್ಸ್ ಬಳಸಿ ದಾರಿ ತೋರುವ ಸಾಧನಗಳನ್ನು ಮಾಡುತ್ತಿದ್ದ ಟಾಮ್‌ಟಾಮ್ ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ ಫ್ಯಾಟ್‌ನ ಉದ್ದ ಹೆಸರುಗಳ ಪೇಟೆಂಟುಗಳೂ ಸೇರಿದ್ದವು. ಮುಂದಿನ ತಿಂಗಳೇ ರಾಜಿಯಾಯಿತು. ಟಾಮ್‌ಟಾಮ್ ಹಣ ಕೊಟ್ಟಿತು, ಆ ಸೌಲಭ್ಯವನ್ನು ತನ್ನ ಸಾಧನಗಳಿಂದ ತೆಗೆಯಲೂ ಒಪ್ಪಿತು. ಕನ್ನಡದಲ್ಲಿ ಹೆಸರಿಟ್ಟ ಫೈಲು ಫ್ಯಾಟ್ ಡಿಸ್ಕಿನಲ್ಲಿ ಉಳಿಯುವುದು ಈ ಉದ್ದ ಹೆಸರಿನ ಏರ್ಪಾಟಿನಿಂದಲೇ. ಹಳೆಯ ಎಂಟು ಮತ್ತು ಮೂರಕ್ಷರದ ಹೆಸರಿನಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ.

ಡಿಸ್ಕೇ ಬೇಡ, ಜಾಲದ ಮೂಲಕ ಕಳಿಸಬಹುದಿತ್ತಲ್ಲ ಎಂದು ಕೇಳಬಹುದು. ಎಫ್‌ಟಿಪಿ ಇತ್ತು, ಸರಿ. ಆದರೆ ಕಚೇರಿಗಳಲ್ಲಿ ಫೈಲ್ ಹಂಚಿಕೆ ನಡೆಯುತ್ತಿದ್ದುದು ಎಸ್‌ಎಂಬಿ ಎಂಬ ಬೇರೊಂದು ಕ್ರಮದಲ್ಲಿ, ಮತ್ತು ವಿಂಡೋಸ್ ಬೆಳೆದಂತೆ ಅದಕ್ಕೆ ಸೇರುತ್ತ ಹೋದ ವಿವರಗಳು ಹೊರಗಿನವರಿಗೆ ಮುಚ್ಚಿದ್ದವು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆ್ಯಂಡ್ರ್ಯೂ ಟ್ರಿಡ್ಜೆಲ್ 1992ರ ಜನವರಿಯಲ್ಲಿ ತಂತಿಯ ಮೇಲೆ ಹರಿಯುವ ದತ್ತಾಂಶವನ್ನು ಗಮನಿಸಿ, ಅದರ ವ್ಯಾಕರಣ ಊಹಿಸಿ, ಪ್ರೋಗ್ರಾಂ ಒಂದನ್ನು ಬರೆದರು. ವಿಂಡೋಸ್ ಅಲ್ಲದ ಯಂತ್ರಗಳಿಗೂ ಈ ಹಂಚಿಕೆಯನ್ನು ಒದಗಿಸುವ ಸಾಂಬಾ ಆಗಿ ಮುಂದೆ ಅದೇ ಬೆಳೆಯಿತು. ಮುಚ್ಚಿಟ್ಟ ವಿವರಗಳನ್ನು ಬಿಟ್ಟುಕೊಡುವಂತೆ ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೊಸಾಫ್ಟಿಗೆ ಆದೇಶಿಸಿತು, 49.7 ಕೋಟಿ ಯೂರೊ ದಂಡವನ್ನೂ ಹಾಕಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾ ಬಳಗಕ್ಕೆ ಆ ದಾಖಲೆಗಳು ದೊರೆಯುವ ಒಪ್ಪಂದವಾಯಿತು. ಬೆಲೆ 10,000 ಯೂರೊ. ಹದಿನೈದು ವರ್ಷ ಕದ್ದು ಕೇಳಿದಂತೆ ಕಲಿತದ್ದಕ್ಕೆ ಕೊನೆಗೆ ಪುಸ್ತಕ ಸಿಕ್ಕಿತು.

ಕಷ್ಟಪಟ್ಟು ಕಟ್ಟಿದ್ದರ ಮೇಲೆ ಕಟ್ಟಿದವರಿಗೆ ಹಕ್ಕಿಲ್ಲವೇ ಎಂಬ ಪ್ರಶ್ನೆ ಹೆಚ್ಚು ತೂಕದ್ದು. ಖಂಡಿತ ಇದೆ. ಒಂದು ಕಂಪನಿ ತನ್ನ ಡಿಸ್ಕಿನೊಳಗೆ ಯಾವ ಕ್ರಮ ಬಳಸಿದರೂ ಅದು ಅದರ ವಿಚಾರ. ಆದರೆ ಕ್ಯಾಮೆರಾ, ಟಿವಿ, ಫೋನು, ಕಾರ್ಡು ತಯಾರಿಸುವವರೆಲ್ಲ ಒಪ್ಪಿಕೊಂಡದ್ದರಿಂದಲೇ ಎಕ್ಸ್‌ಫ್ಯಾಟ್‌ಗೆ ಬೆಲೆ ಬಂದದ್ದು. ಆ ಬೆಲೆಯ ಬಹುಪಾಲು ಶೋಧಕ್ಕೆ ಸಲ್ಲುವುದಿಲ್ಲ, ಬಳಕೆಗೆ ಸಲ್ಲುತ್ತದೆ. ಬಳಕೆಯ ಮೇಲೆ ಸುಂಕ ಹಾಕುವುದು ಶೋಧಕ್ಕೆ ಕೊಡುವ ಪ್ರತಿಫಲವಾಗದು. ಮುಂದೆ ನಡೆದದ್ದು ಕೂಡ ಇದಕ್ಕೇ ಸಾಕ್ಷಿ. ಮೈಕ್ರೊಸಾಫ್ಟ್ 2019ರ ಆಗಸ್ಟ್ 28ರಂದು ಎಕ್ಸ್‌ಫ್ಯಾಟ್ ವಿವರಗಳನ್ನು ತಾನೇ ಪ್ರಕಟಿಸಿ, ಲಿನಕ್ಸ್‌ಗೆ ಸೇರಿಸಲು ಬೆಂಬಲ ಸೂಚಿಸಿತು. ಮರುವರ್ಷ ಮೇ ತಿಂಗಳಿನ ಲಿನಕ್ಸ್ 5.7ರಲ್ಲಿ ಸ್ಯಾಮ್‌ಸಂಗ್ ಬರೆದ ಎಕ್ಸ್‌ಫ್ಯಾಟ್ ಚಾಲಕ ಸೇರಿತು. ಹದಿಮೂರು ವರ್ಷ ನಡೆಯದ್ದು ಒಂಬತ್ತು ತಿಂಗಳಲ್ಲಿ ಮುಗಿಯಿತು. ಆ ಒಂಬತ್ತು ತಿಂಗಳಲ್ಲಿ ಹೊಸ ಗಣಿತವನ್ನೇನೂ ಯಾರೂ ಕಂಡುಹಿಡಿಯಲಿಲ್ಲ. ಎನ್‌ಟಿಎಫ್‌ಎಸ್‌ನ ಪೂರ್ಣ ವಿವರ ಮಾತ್ರ ಇನ್ನೂ ಪ್ರಕಟವಾಗಿಲ್ಲ.