ಹುತ್ತದ ಅಣಬೆ: ಗುರುತು ಅವ್ವಂದು, ಜಾಗ ಅತ್ತೇದು

ನಮ್ಮ ಹುಣಸೂರು ಕಡೆ ಆರಿದ್ರಾ ಮಳೆ ಚೆನ್ನಾಗಿ ಹಿಡಿದದೆ. ಮೊನ್ನೆ ಮೈಸೂರಲ್ಲಿರೋ ನಮ್ಮಣ್ಣನ ಮಗಳು ಫೋನಿಗೆ ಒಂದು ಫೋಟೊ ಕಳಿಸಿದ್ಲು. ಹುಲ್ಲಲ್ಲಿ ಎದ್ದಿರೋ ದಪ್ಪ ಬಿಳಿ ಅಣಬೆ. "ಅತ್ತೆ, ಇದನ್ನ ಸಾರು ಮಾಡ್ಬೋದಾ?" ಅಂದ್ಲು. "ಬ್ಯಾಡ ಕಣವ್ವ, ಕಿತ್ತು ಬಿಸಾಕು" ಅಂದೆ. "ನೀವು ಚಿಕ್ಕೋರಿದ್ದಾಗ ಬುಟ್ಟಿಗಟ್ಲೆ ತಿಂತಿದ್ರಂತಲ್ಲ?" ಅಂತ ಕೇಳಿದ್ಲು. ತಿಂತಿದ್ದೊ, ಸುಳ್ಳಲ್ಲ. ಆದ್ರೆ ಎದ್ದದ್ದೆಲ್ಲ ತಿಂತಿರಲಿಲ್ಲ. ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲ ಇದು, ಅದಕ್ಕೇ ಬರೀತಿದ್ದೀನಿ.

ನನ್ನ ತವರು ಎಚ್.ಡಿ. ಕೋಟೆ ತಾಲ್ಲೂಕು, ಅಂತರಸಂತೆ ಕಡೆ. ಮಳೆಗಾಲದಲ್ಲಿ ಗುಡುಗಿದ ಮಾರನೇ ದಿನ ನಮ್ಮವ್ವ ಕತ್ತಲಲ್ಲೇ ಎದ್ದು ಬುಟ್ಟಿ ತಕ್ಕೊಂಡು ಹೊಂಟೋಗೋರು. ಹೊಂಗೆಮರದ ಹುತ್ತ ಮೃಗಶಿರಾಕ್ಕೆ ಕೊಡ್ತದೆ, ಕೆರೆ ಏರಿ ಹುತ್ತ ಪುನರ್ವಸುಗೆ ಕೊಡ್ತದೆ ಅಂತ ಅವರದ್ದೊಂದು ಲೆಕ್ಕ. ಬಿಸಿಲೇರಿದ್ರೆ ಹುಳ ಬೀಳ್ತದೆ, ಬೇರೆಯವರ ಕಣ್ಣಿಗೂ ಬೀಳ್ತದೆ. "ಜಾಗ ಯಾರ್ಗೂ ಹೇಳ್ಬ್ಯಾಡ" ಅನ್ನೋರು.

ಈ ಅಣಬೆ ಹುತ್ತದ ಹತ್ರನೇ ಯಾಕೆ ಏಳ್ತದೆ ಗೊತ್ತಾ? ಗೆದ್ದಲೂ ನಮ್ಮಂಗೆ ಬೇಸಾಯಗಾರರು. ಒಣಗಿದ ಎಲೆ, ಕಡ್ಡಿ ತಿಂದು ಒಳಗೆ ಜೇನುತಟ್ಟಿಯಂಗೆ ಒಂದು ತೋಟ ಕಟ್ತವೆ. ಅದರ ಮೇಲೆ ಬೂಷ್ಟು ಬೆಳೆಸಿ ಅದನ್ನೇ ತಿಂದು ಬದುಕ್ತವೆ. ಮಳೆ ಬಿದ್ದು ನೆಲ ನೆಂದಾಗ ಆ ಬೂಷ್ಟೇ ಮೇಲಕ್ಕೆ ಅಣಬೆ ಕಳಿಸ್ತದೆ. ಸುಮಾರು 3 ಕೋಟಿ ವರ್ಷದಿಂದ ಗೆದ್ದಲು ಈ ಬೇಸಾಯ ಮಾಡ್ತಿವೆ ಅಂತಾರೆ ವಿಜ್ಞಾನಿಗಳು. ಫ್ರಾನ್ಸ್ ದೇಶದ ರೋಜೆ ಹೈಮ್ ಅನ್ನೋರು 1942ರಲ್ಲಿ ಈ ಕುಲಕ್ಕೆ ಟರ್ಮಿಟೊಮೈಸಿಸ್ ಅಂತ ಹೆಸರಿಟ್ರು. ದಕ್ಷಿಣ ಭಾರತದ ಒಂದು ಬಗೆಗೆ ಕೆ. ನಟರಾಜನ್ ಅನ್ನೋರು 1979ರಲ್ಲಿ ಹೈಮ್ ಅವರ ಹೆಸರನ್ನೇ ಕೊಟ್ರು. ಅಷ್ಟೊತ್ತಿಗೆ ನಮ್ಮಜ್ಜಿ, ಮುತ್ತಜ್ಜಿ ಎಷ್ಟು ಮಂಕರಿ ತಿಂದು ಮುಗಿಸಿದ್ರೋ!

ಹಳೇ ಅಡಿಗೆ ಪುಸ್ತಕ ಅಂದ್ರೆ ನಮ್ಮ ಸೀಮೆಗೇ ಒಂದು ಹೆಮ್ಮೆ ಅದೆ. ಕಲ್ಲಹಳ್ಳಿಯ ಮೂರನೇ ಮಂಗರಸ 1508ರಲ್ಲಿ 'ಸೂಪಶಾಸ್ತ್ರ' ಬರೆದ. ಬದನೆಕಾಯಿ, ಹಲಸು, ಬಾಳೆಕಾಯಿ, ನಮ್ಮ ಕಾಡಿನ ಕಳಲೆಗೂ ಅದರಲ್ಲಿ ಜಾಗ ಅದೆ. ಆದ್ರೆ ಆತ ಜೈನ. ಜೈನರ ಅಡಿಗೆಮನೆಗೆ ಅಣಬೆ ಬರಲ್ಲ. ನಮ್ಮ ಮನೇಲೂ ಅತ್ತೆಯೋರು ಅಣಬೇನ ಬಾಡಿನ ಲೆಕ್ಕಕ್ಕೇ ಸೇರಿಸಿದ್ರು, ಶ್ರಾವಣ ಸೋಮವಾರ ಒಲೆ ಮೇಲೆ ಇಡಂಗಿರಲಿಲ್ಲ. ಹಿಂಗಾಗಿ ಅಣಬೆ ಚರಿತ್ರೆ ಬರೆಯೋರ ಕೈಗೆ ಹೋಗದೆ, ಕೀಳೋರ ಬಾಯಲ್ಲೇ ಉಳಕೊಂಡ್ತು. ಅದರಲ್ಲೂ ಹಾಡಿಯ ಜೇನುಕುರುಬ, ಬೆಟ್ಟಕುರುಬ ಹೆಣ್ಣುಮಕ್ಕಳಿಗೆ ತಿಳಿದಷ್ಟು ನಮಗೆ ತಿಳೀದು. ನಾನು ಹುಡುಗಿಯಾಗಿದ್ದಾಗ ಒಬ್ಬರು ಅಜ್ಜಿ ಮುತ್ತುಗದ ಎಲೇಲಿ ಅಣಬೆ ಕಟ್ಕೊಂಡು ಬಂದು ಅವ್ವನ ಹತ್ರ ಒಂದು ಸೇರು ರಾಗಿ ಈಸ್ಕೊಂಡು ಹೋಗೋರು.

ಆ ಅಜ್ಜಿ ಆಮೇಲೆ ಬರೋದು ನಿಂತೋಯ್ತು. 1974ರಲ್ಲಿ ಬೀಚನಹಳ್ಳಿ ಹತ್ರ ಕಬಿನಿ ಅಣೆಕಟ್ಟು ಮುಗೀತು. ಹಿನ್ನೀರಲ್ಲಿ ಊರುಗಳು ಮುಳುಗಿದ್ವು, ಕಾಕನಕೋಟೆ ಕಾಡೂ ಬಹಳಷ್ಟು ಮುಳುಗ್ತು. ನಾಗರಹೊಳೆ 1955ರಲ್ಲೇ ಅಭಯಾರಣ್ಯ ಆಗಿತ್ತು, 1999ರಲ್ಲಿ ಹುಲಿ ಯೋಜನೆಗೆ ಸೇರ್ತು. ಹಾಡಿಗಳಲ್ಲಿದ್ದ ಎಷ್ಟೋ ಸಂಸಾರ ಕಾಡಿನಿಂದ ಹೊರಕ್ಕೆ ಬಂದ್ವು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನೋರಿಗೆ ಕಿರು ಅರಣ್ಯ ಉತ್ಪನ್ನದ ಮೇಲೆ ಹಕ್ಕು ಅದೆ ಅಂತ ಬರೀತು. ಆದ್ರೆ ಬಿಟ್ಟುಬಂದ ಜಾಗದ ಹುತ್ತವನ್ನ ಕಾಗದದ ಮೇಲೆ ತರಕ್ಕಾಗ್ತದಾ?

ಈಗ ಗುರುತಿನ ಮಾತು. ನಮ್ಮವ್ವ ಮೇಲುಗಡೆ ನೋಡಿ ಒಪ್ತಿರಲಿಲ್ಲ, ಬುಡ ನೋಡೋರು. ಹುತ್ತದ ಅಣಬೆಗೆ ಕೊಡೆಯ ನಡುವೆ ಮೊನೆಯಂಗೆ ಉಬ್ಬಿರ್ತದೆ. ಕೆಳಗಿನ ಪದರ ಬೆಳ್ಳಗಿದ್ದು, ಬಲಿತಂಗೆ ಸ್ವಲ್ಪ ಗುಲಾಬಿಗೆ ತಿರುಗ್ತದೆ. ಕಾಂಡ ಬೇರಿನಂಗೆ ಉದ್ದಕ್ಕೆ ನೆಲದೊಳಗೆ ಇಳಿದು ಗೆದ್ದಲಿನ ತೋಟಕ್ಕೆ ಸೇರಿರ್ತದೆ. ಹುತ್ತ ಕಾಣದಿದ್ರೂ ಆ ಬೇರು ಕಾಣ್ಬೇಕು. ಬುಡದಲ್ಲಿ ಬಟ್ಟಲಿನಂಗೆ ಚೀಲ ಇದ್ರೆ ಮುಟ್ಲೇಬೇಡಿ. ಅಂಥದ್ರಲ್ಲಿ ಈಲಿಗೆ ಬಡಿಯೋ ವಿಷದವು ಇರ್ತವೆ. ಬೇಯಿಸಿದ್ರೂ ಆ ವಿಷ ಹೋಗಲ್ಲ. ತಿಂದು 6 ಗಂಟೆ, 12 ಗಂಟೆ ಕಳೆದ ಮೇಲೆ ವಾಂತಿ ಭೇದಿ ಶುರುವಾಗ್ತದೆ. ಒಂದು ದಿನ ವಾಸಿಯಾದಂಗೆ ಕಾಣ್ತದೆ, ಅಷ್ಟರಲ್ಲಿ ಈಲಿ ಕೆಟ್ಟಿರ್ತದೆ.

ತಿಪ್ಪೆ, ಹುಲ್ಲುಹಾಸಿನ ಮೇಲೆ ಏಳೋ ದಪ್ಪ ಬಿಳಿ ಅಣಬೆ ಇನ್ನೊಂದು. ಬಲಿತ ಮೇಲೆ ಅದರ ಪದರ ಹಸುರಿಗೆ ತಿರುಗ್ತದೆ, ಎಳೇದರಲ್ಲಿ ಗೊತ್ತಾಗಲ್ಲ. ನಮ್ಮ ನಾದಿನಿ ಮನೇಲಿ ಅದನ್ನೇ ತಿಂದು ಎರಡು ಗಂಟೆಯೊಳಗೆ ನಾಲ್ಕು ಜನಾನೂ ವಾಂತಿ ಮಾಡ್ಕೊಂಡ್ರು. ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಿಸಿದ್ದಾಯ್ತು. ಅವರೂ ಬೆಳ್ಳಿ ಕಾಸು ಹಾಕಿ ಬೇಯಿಸಿ, ಕಾಸು ಕಪ್ಪಾಗಲಿಲ್ಲ ಅಂತ ಧೈರ್ಯವಾಗಿ ಉಂಡಿದ್ರು. ಬೆಳ್ಳಿ, ಬೆಳ್ಳುಳ್ಳಿ, ಹುಳ ತಿಂದದೆ ಅನ್ನೋದು, ಯಾವ ಪರೀಕ್ಷೇನೂ ನಂಬಬೇಡಿ. ಅನುಮಾನ ಇದ್ರೆ ಬಿಡೋದೊಂದೇ ದಾರಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದ್ರೆ ಉಳಿದ ಅಣಬೆ ಒಂದು ಜೊತೇಲಿ ತಕ್ಕೊಂಡು ಹೋಗಿ.

ಸರಿಯಾದದ್ದು ಸಿಕ್ಕಿದ್ರೆ ಆವತ್ತೇ ಮುಗಿಸಬೇಕು. ಮೊಗ್ಗು ರುಚಿ ಜಾಸ್ತಿ, ಆದ್ರೂ ಒಂದಷ್ಟು ಬಿಟ್ಟು ಬರ್ಬೇಕು. ಗುದ್ದಲಿ ಹಾಕಿ ಅಗೀಬಾರ್ದು. ಮಣ್ಣು ಹೆರೆದು, ಅರಿಸಿನ ಉಪ್ಪಿನ ನೀರಲ್ಲಿ ತೊಳೆದು, ಕೈಯಲ್ಲೇ ಸಿಗಿದು ಬಾಡಿನ ಮಸಾಲೆ ಹಾಕಿ ಸಾರು ಮಾಡಿದ್ರೆ ಮುದ್ದೆ ಎರಡು ಜಾಸ್ತಿ ಇಳೀತದೆ. ಹೆಚ್ಚಾದ್ರೆ ಅವ್ವ ದಾರಕ್ಕೆ ಪೋಣಿಸಿ ಒಲೆ ಮೇಲೆ ಕಟ್ಟೋರು, ಮಳೆಗಾಲದಲ್ಲಿ ಬಿಸಿಲೆಲ್ಲಿ? ಮುರಿದ್ರೆ ಪಟ್ ಅನ್ನೋವರೆಗೂ ಒಣಗಬೇಕು, ಇಲ್ಲಾಂದ್ರೆ ಬೂಷ್ಟು ಹಿಡೀತದೆ. ಆಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿಡಿ. ಬೇಕಾದಾಗ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನೂ ಸಾರಿಗೇ ಹಾಕಿ. ಈಗ ಒಲೆ ಇಲ್ಲದೋರು ಬಾಣಲೇಲಿ ನೀರು ಆರೋಗಂಟ ಹುರಿದು ಫ್ರೀಜರ್‌ನಲ್ಲಿಟ್ರೂ ನಡೀತದೆ.

ಅಂಗಡೀಲಿ ಸಿಗ್ತದಲ್ಲ ಅಂತೀರಾ? ಅದು ಬೇರೆ ಜಾತಿ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲೇ ಜಾಕಿಯಾ ಬಾನೊ, ಎಚ್.ಸಿ. ಶ್ರೀವಾಸ್ತವ ಅನ್ನೋರು 1962ರಷ್ಟು ಹಿಂದೆ ಭತ್ತದ ಹುಲ್ಲಲ್ಲಿ ಚಿಪ್ಪಣಬೆ ಬೆಳೆಸಿ ತೋರಿಸಿದ್ರು. ಹುತ್ತದ ಅಣಬೇನ ಹಂಗೆ ಹುಲ್ಲಿನ ಚೀಲದಲ್ಲಿ ಬೆಳೆಸಕ್ಕಾಗಲ್ಲ. ಅದಕ್ಕೆ ಗೆದ್ದಲೇ ಬೇಕು, ಹುತ್ತನೇ ಬೇಕು.

ಇನ್ನೊಂದು ಮಾತು, ಬರಿಯಕ್ಕೆ ಸಂಕಟ ಆಗ್ತದೆ. ಹೆಣ್ಣುಮಕ್ಕಳು ತವರಿಂದ ಗುರುತು ತರ್ತೀವಿ, ಜಾಗ ತರಕ್ಕಾಗಲ್ಲ. ಹುಣಸೂರಿಗೆ ಮದುವೆಯಾಗಿ ಬಂದ ವರ್ಷ ಅತ್ತೆಯೋರೇ ಕೈ ಹಿಡಿದು ಹೊಲದ ಮೂಲೆ ಹುತ್ತ ತೋರಿಸಿದ್ರು. ನಾಗರಪಂಚಮಿಗೆ ತನಿ ಎರೀತಿದ್ದದ್ದೂ ಅದಕ್ಕೇ, ಅದಕ್ಕೇ ಯಾರೂ ಕೆಡವಿರಲಿಲ್ಲ. ಆಮೇಲೆ ಹೊಗೆಸೊಪ್ಪು ಹಾಕ್ಬೇಕು, ಟ್ರ್ಯಾಕ್ಟರ್ ತಿರುಗಬೇಕು ಅಂತ ನಮ್ಮ ಮನೆಯೋರೇ ಜೆಸಿಬಿ ತರಿಸಿ ಮಟ್ಟ ಮಾಡಿಸಿದ್ರು. ಸಾಲ ಇತ್ತು, ನಾನೂ ಬ್ಯಾಡ ಅನ್ನಲಿಲ್ಲ. ಅತ್ತೆಯೋರು ಮಾತ್ರ ಆವತ್ತು ಮಧ್ಯಾಹ್ನ ಉಣ್ಲಿಲ್ಲ. ಈಗ ನಮ್ಮ ಸೊಸೆಗೆ ತೋರಿಸಕ್ಕೆ ನನ್ನ ಹತ್ರ ಜಾಗ ಇಲ್ಲ.

ತವರಲ್ಲಿ ಕೆರೆ ಏರಿ ಹುತ್ತ ಇನ್ನೂ ಅದೆ. ಪುನರ್ವಸು ಮಳೆಗೆ ಅಣ್ಣನ ಮಗಳನ್ನೂ ಸೊಸೇನೂ ಕರ್ಕೊಂಡು ಹೋಗ್ತೀನಿ. ನಿಮ್ಮ ಹೊಲದಲ್ಲೂ ಹುತ್ತ ಇದ್ರೆ ಬಿಡಿ, ಕೆಡವಿಸಬೇಡಿ. ಮನೇಲಿ ವಯಸ್ಸಾದ ಅತ್ತೆ ಇದ್ರೆ ಈ ಮಳೆಗಾಲದಲ್ಲೇ ಅವರ ಕೈಲಿ ಜಾಗ ತೋರಿಸ್ಕೊಳ್ಳಿ.